ಓದುಗರ ಪ್ರಶ್ನೆ: ಗೌಡರ ಹೊಂಡಕ್ಕೆ ಬೀಗ ಬಿದ್ದಿದೆ, ಇನ್ನು ಗಾಳ ಎಲ್ಲಿ ಹಾಕಲಿ?

ಪ್ರಶ್ನೆ: ನಮ್ಮದು ಬಬಲೇಶ್ವರ ಕಡೆಯ ಊರು. ಊರ ಹೊರಗೆ ಒಬ್ಬ ಗೌಡರ ದ್ರಾಕ್ಷಿ ತೋಟ ಇದೆ, ಅದರಲ್ಲಿ ದೊಡ್ಡ ಕೃಷಿ ಹೊಂಡ. ಎಂಟು ವರ್ಷದಿಂದ ಭಾನುವಾರ ಬಂದರೆ ನಾನು ಅಲ್ಲೇ ಗಾಳ ಹಾಕಿಕೊಂಡು ಕೂರುತ್ತಿದ್ದೆ. ಗೌಡರ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೂ ಅವರು ‘ಹಿಡ್ಕೊಂಡ್ ಹೋಗೋ ತಮ್ಮಾ, ಶ್ರಾವಣದಾಗ ಮಾತ್ರ ಬರಬ್ಯಾಡ’ ಅನ್ನುತ್ತಿದ್ದರು. ಮೊದಲು ಮರಿ ತಂದು ಬಿಟ್ಟವನೂ ನಾನೇ, ಕಾಟ್ಲಾ, ರೋಹು ಸೇರಿ 300 ಮರಿ, ನನ್ನ ದುಡ್ಡಲ್ಲಿ. ಹೋದ ವರ್ಷ ಗೌಡರು ತೀರಿಕೊಂಡರು. ಈಗ ಅವರ ಮಗ ಸುತ್ತ ತಂತಿ ಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದಿದ್ದಾರೆ. ಫೋನ್ ಮಾಡಿದರೆ ‘ಈಗ ಬೇಡ’ ಅಂತ ಇಟ್ಟುಬಿಡುತ್ತಾರೆ. ನಾನೇನೂ ತಪ್ಪು ಮಾಡಿಲ್ಲ. ಒಂದು ಸಲ ವಿಡಿಯೊ ಹಾಕಿದ್ದೆ, ತುಂಬ ಜನ ನೋಡಿದರು, ಅಷ್ಟೇ. ಎಂಟು ವರ್ಷದ ರೂಢಿಗೆ ಕಾನೂನಿನಲ್ಲಿ ಬೆಲೆ ಇಲ್ಲವೇ? ಅಲ್ಲಿರುವ ಮೀನು ಯಾರದ್ದು?

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಅದರಲ್ಲಿ ನಿಮಗೆ ಸಿಗುವುದು ಕಡಿಮೆ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಇನ್ನೊಬ್ಬರ ಖಾಸಗಿ ಜಮೀನಿನಲ್ಲಿ ರೂಢಿಯಿಂದ ಹಕ್ಕು ಬರಬೇಕಾದರೆ 20 ವರ್ಷ, ಅದೂ ತಡೆಯಿಲ್ಲದೆ, ‘ಇದು ನನ್ನ ಹಕ್ಕು’ ಅಂತಲೇ ಬಳಸಿರಬೇಕು. ನೀವು ಕೇಳಿಕೊಂಡು ಹೋಗುತ್ತಿದ್ದಿರಿ, ಅವರು ಹೂಂ ಅನ್ನುತ್ತಿದ್ದರು. ನೋಡಿ ತಮಾಷೆ, ನಿಮ್ಮ ಆ ಮರ್ಯಾದೆಯೇ ಇಲ್ಲಿ ನಿಮಗೆ ಅಡ್ಡ. ಅಪ್ಪಣೆ ಪಡೆದು ಹೋದದ್ದು ಬರೀ ಪರವಾನಗಿ. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು, ಜಮೀನು ಮಗನ ಕೈಗೆ ಬಂದ ಮೇಲಂತೂ ಅಪ್ಪನ ಹೂಂ ಮಗನನ್ನು ಕಟ್ಟಿಹಾಕುವುದಿಲ್ಲ. ಒಡಿಶಾದ ಚಿಲ್ಕಾ ಸರೋವರದಲ್ಲಿ ಹಿಂದೆ ಜಮೀನ್ದಾರರಿಗೆ ದುಡ್ಡು ಕಟ್ಟಿ ರಸೀದಿ ಪಡೆದವರೇ ಮೀನಿನ ಹಕ್ಕು ಕೇಳಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ನೀರಿನಿಂದ ಮೀನು ಹಿಡಿಯುವ ಹಕ್ಕು ಸ್ಥಿರಾಸ್ತಿಯ ಹಕ್ಕಿದ್ದ ಹಾಗೆ, ನೋಂದಣಿ ಆಗದ ಬಾಯಿಮಾತಿನ ವ್ಯವಹಾರ ನಡೆಯುವುದಿಲ್ಲ ಅಂತ 1955ರಲ್ಲಿ ತೀರ್ಪು ಬಂತು. ರಸೀದಿ ಇದ್ದವರ ಕಥೆಯೇ ಹೀಗೆ, ನಮ್ಮ ನಿಮ್ಮದೇನು.

ಮೀನು ಯಾರದ್ದು ಅಂದಿರಿ. ಮರಿ ನೀವು ಬಿಟ್ಟದ್ದು ಸರಿ, ಆದರೆ ಎಂಟು ವರ್ಷ ಹಿಡಿದು ತಿಂದವರೂ ನೀವೇ ಅಲ್ವಾ. ಲೆಕ್ಕ ಯಾವತ್ತೋ ಚುಕ್ತಾ ಆಗಿದೆ. ಸುತ್ತ ಕಟ್ಟಿದ ಖಾಸಗಿ ಹೊಂಡದ ಮೀನು ಹೊಳೆಯ ಮೀನಿನ ಹಾಗಲ್ಲ, ಅದು ಮಾಲೀಕರ ವಶದಲ್ಲಿರುವ ವಸ್ತು. ಬೇಲಿ ಜಿಗಿದು ಹಿಡಿದರೆ ಅತಿಕ್ರಮ ಪ್ರವೇಶದ ಜೊತೆ ಕಳವಿನ ಕೇಸೂ ಆಗಬಹುದು. ಆ ಯೋಚನೆ ಇದ್ದರೆ ಇವತ್ತೇ ಬಿಡಿ.

ಈಗ ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿದ ಮಾತಿಗೆ ಬರುತ್ತೇನೆ. ವಿಡಿಯೊ. ನೋಡಿದ ಅಷ್ಟೂ ಜನರಲ್ಲಿ ಹತ್ತು ಜನ ಬೈಕ್ ಹತ್ತಿ ವಿಜಯಪುರದಿಂದ ಬಂದರೂ ಸಾಕು, ಆ ಮನೆಯವರಿಗೆ ಭಾನುವಾರ ನೆಮ್ಮದಿ ಇರುವುದಿಲ್ಲ. ಅಪ್ಪ ಅಪ್ಪಣೆ ಕೊಟ್ಟದ್ದು ನಿಮಗೆ ಒಬ್ಬರಿಗೆ. ನೀವು ಗೊತ್ತಿಲ್ಲದೆ ಅದನ್ನು ಊರಿಗೆಲ್ಲ ಹಂಚಿಬಿಟ್ಟಿರಿ. ಮಗ ಫೋನಿನಲ್ಲಿ ಇದನ್ನು ಹೇಳದೇ ಇರಬಹುದು, ಸಂಕೋಚ ಇರುತ್ತದೆ. ಆದರೆ ನಾನು ಅವರ ಜಾಗದಲ್ಲಿದ್ದರೆ ಮೊದಲು ಇದನ್ನೇ ಹೇಳುತ್ತಿದ್ದೆ.

ಇನ್ನೊಂದು, ಅದು ಹಳೆ ಕಾಲದ ಮಣ್ಣಿನ ಹೊಂಡ ಅಲ್ಲ. ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಕಡೆ ತೋಡಿದ ಹೊಂಡಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಹಾಳೆ ಇದೆ. ಜನ ತಾಡಪತ್ರಿ ಅಂತಲೇ ಕರೆಯುತ್ತಾರೆ. ಮಸಾರಿ, ಗರಸು ನೆಲದಲ್ಲಿ ಆ ಹಾಳೆ ಇಲ್ಲದೆ ನೀರು ನಿಲ್ಲುವುದಿಲ್ಲ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡ ಅಂದರೆ ಗೋಡೆಯ ಇಳಿಜಾರು ಕಳೆದರೂ ಹತ್ತಿರ ಹತ್ತಿರ 10 ಲಕ್ಷ ಲೀಟರ್ ನೀರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ದ್ರಾಕ್ಷಿ ಬಳ್ಳಿಯ ಜೀವ ಅದು. ಜಮಖಂಡಿಯಲ್ಲಿ ನಮ್ಮ ಸೋದರಮಾವನ ಹೊಂಡದಲ್ಲಿ ಒಬ್ಬ ಹುಡುಗನ ಗಾಳ ತಳಕ್ಕೆ ಸಿಕ್ಕಿತು, ಅವನು ದೊಡ್ಡ ಮೀನು ಅಂತ ಜೋರಾಗಿ ಎಳೆದ. ಬಂದದ್ದು ಉಗುರಿನಷ್ಟು ಕಪ್ಪು ಪ್ಲಾಸ್ಟಿಕ್ ಚೂರು. ಎಲ್ಲರೂ ನಕ್ಕೆವು. ನಾಲ್ಕನೇ ದಿನ ನೋಡಿದರೆ ಒಡ್ಡಿನ ಹೊರಮೈಯಲ್ಲಿ ಚಾಪೆಯಷ್ಟು ಅಗಲ ಒದ್ದೆ, ಒಳಗೆ ನೀರು ಒಂದು ಗೇಣು ಇಳಿದಿತ್ತು. ತೇಪೆ ಹಾಕಬೇಕಾದರೆ ತೂತು ಇರುವ ಮಟ್ಟದವರೆಗೆ ನೀರು ಖಾಲಿ ಮಾಡಬೇಕು. ಮಾವ ಬೈಯಲಿಲ್ಲ, ಮರುವಾರ ಸುಮ್ನೆ ಗೇಟು ತಂದು ನಿಲ್ಲಿಸಿದರು.

ಹಾಗಾಗಿ ಫೋನ್ ಬಿಡಿ, ನೇರ ಹೋಗಿ. ಗಾಳದ ಕೋಲು ಮನೆಯಲ್ಲೇ ಇರಲಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಸಮಯದಲ್ಲಿ ಹೋಗಬೇಡಿ, ಆಗ ದ್ರಾಕ್ಷಿ ಬೆಳೆಗಾರರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ವಿಡಿಯೊ ತೆಗೆದುಹಾಕಿದ್ದೇನೆ ಅಂತ ಮೊದಲೇ ಹೇಳಿ (ಹೇಳುವ ಮುಂಚೆ ನಿಜವಾಗಿ ತೆಗೆಯಿರಿ). ಗೌಡರ ನೆನಪು ಎರಡು ಮಾತು ಆಡಿ, ಅದು ನಿಮಗೂ ಬೇಕಾಗಿರುತ್ತದೆ. ಆಮೇಲೆ, ಒಬ್ಬನೇ ಬರುತ್ತೇನೆ, ಗಾಳದ ಮುಳ್ಳಿನ ಹಿಂಚೂಪನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇನೆ, ತೇಲುವ ಜೋಳದ ದಂಟಿನ ಬೆಂಡನ್ನು ಮುಳ್ಳಿಗಿಂತ ಮೂರು ಅಡಿ ಮೇಲೆ ಕಟ್ಟಿ ಒಡ್ಡಿನಿಂದ ದೂರಕ್ಕೆ ಎಸೆಯುತ್ತೇನೆ, ಮುಳ್ಳು ಹಾಳೆಗೆ ತಾಗುವುದಿಲ್ಲ ಅಂತ ಹೇಳಿ. ಹೀಗೆ ಲೆಕ್ಕ ಹಾಕಿ ಮಾತಾಡುವವನನ್ನು ರೈತರು ನಂಬುತ್ತಾರೆ. ಅವರು ಮೀನು ಸಾಕಣೆಗೆ ಬೇರೆಯವರಿಗೆ ಕೊಡುವ ಯೋಚನೆಯಲ್ಲಿದ್ದರೆ ನೀವೇ ಕೇಳಿ ನೋಡಬಹುದು. ಆ ಅಳತೆಯ ಹೊಂಡಕ್ಕೆ 400 ಮರಿ ಸಾಕು, ತೌಡು ಮತ್ತು ಶೇಂಗಾ ಹಿಂಡಿ ಸಮಸಮ ಕಲಸಿ ಹಾಕಿದರೆ ಬೆಳೆಯುತ್ತವೆ. ಈ ಸಲ ಮಾತ್ರ ಎಷ್ಟು ವರ್ಷ, ಎಷ್ಟು ಪಾಲು ಅಂತ ಕಾಗದದ ಮೇಲೆ ಬರಲಿ, ನೋಂದಣಿ ಆಗಲಿ.

ಇಷ್ಟಾದರೂ ಬೇಡ ಅಂದರೆ? ಬೇಡವೇ. ಕೃಷ್ಣೆಯ ನೀರಿನಿಂದ ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ನಿಮ್ಮ ಕಡೆ ನೀರಿಗೆ ಬರ ಇಲ್ಲ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆ ನಿಮಗೆ ದೂರವೇನಲ್ಲ. ದೊಡ್ಡ ಕೆರೆಗಳ ಮೀನು ಸಾಮಾನ್ಯವಾಗಿ ಮೀನುಗಾರಿಕೆ ಇಲಾಖೆಯಿಂದ, ಸಣ್ಣವು ಪಂಚಾಯ್ತಿಯಿಂದ ಗುತ್ತಿಗೆ ಹೋಗುತ್ತವೆ. ಯಾರ ಗುತ್ತಿಗೆ ಅಂತ ವಿಚಾರಿಸಿ ಅವರನ್ನೇ ಕೇಳಿ. ಇಷ್ಟು ಕೊಡುತ್ತೇನೆ, ಒಂದು ಗಾಳ ಮಾತ್ರ ಅಂದರೆ ಒಪ್ಪುವವರು ಇರುತ್ತಾರೆ.

ಪ್ರಶ್ನೆ: ಬೀಳಗಿ ತಾಲ್ಲೂಕಿನಲ್ಲಿ ನಮ್ಮ ಹೊಲ. ಹೊಂಡದಲ್ಲಿ ಮೀನಿವೆ ಅಂತ ಗೊತ್ತಾಗಿ ಊರ ಹುಡುಗರು ಮಧ್ಯಾಹ್ನ ಬಂದು ಕೂರುತ್ತಾರೆ. ಬೈದರೆ ಓಡುತ್ತಾರೆ, ಮತ್ತೆ ಬರುತ್ತಾರೆ. ನಮ್ಮೂರವರೇ ಮಕ್ಕಳು, ಪೊಲೀಸರಿಗೆ ಹೇಳುವುದಕ್ಕೂ ಮನಸ್ಸಿಲ್ಲ. ಏನು ಮಾಡಲಿ ಅಣ್ಣಾ?

ಉತ್ತರ: ಮೇಲಿನ ಪತ್ರವೂ ನಿಮ್ಮದೂ ಒಂದೇ ವಾರ ಬಂದವು. ನಿಮ್ಮಿಬ್ಬರನ್ನೂ ಒಂದು ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಬೇಕು ಅನ್ನಿಸಿತು.

ಮೀನು ಹೋದರೆ ಹೋಗಲಿ ತಮ್ಮಾ, ನಿಮ್ಮ ಭಯ ಹುಡುಗರ ಜೀವದ್ದಾಗಿರಲಿ. ಪ್ಲಾಸ್ಟಿಕ್ ಹೊಂಡದಲ್ಲಿ ಈಜು ಬಂದವನೂ ಮುಳುಗುತ್ತಾನೆ, ಯಾಕಂದರೆ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಕಾಲು ನಿಲ್ಲುವುದಿಲ್ಲ, ಹಿಡಿಯಲು ಒಂದು ಬೇರೂ ಇಲ್ಲ, ದಡ ಎರಡು ಮೊಳ ದೂರದಲ್ಲಿದ್ದರೂ ಹತ್ತಲಾಗದೆ ಸುಸ್ತಾಗುತ್ತಾನೆ. ಅವನನ್ನು ಎತ್ತಲು ಜಿಗಿದವನದ್ದೂ ಅದೇ ಗತಿ. ಅದಕ್ಕೇ ಕೃಷಿಭಾಗ್ಯದಲ್ಲಿ ಈಗ ತಂತಿ ಬೇಲಿಯನ್ನೂ ಸೇರಿಸಿದ್ದಾರೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನಿಮಗೆ ಅನ್ವಯ ಆಗುತ್ತದಾ ಕೇಳಿ. ಬೇಲಿ ಬರುವ ತನಕ ಕಾಯಬೇಡಿ. ನಾಲ್ಕೂ ಮೂಲೆಯಲ್ಲಿ ಗೂಟ ಹೊಡೆದು ದಪ್ಪ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ನೀರಿನೊಳಗೆ ಇಳಿಬಿಡಿ, ಒಂದು ಕಡೆ ಹಳೆ ಟೈರುಗಳನ್ನು ಏಣಿಯ ಹಾಗೆ ಕಟ್ಟಿ, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದನ್ನು ಒಡ್ಡಿನ ಮೇಲೇ ಇಡಿ. ಟ್ಯೂಬ್ ಯಾರಾದರೂ ಒಯ್ಯುತ್ತಾರೆ ಅಂತೀರಾ? ಒಯ್ದರೆ ಇನ್ನೊಂದು ಇಡಿ.

ಹುಡುಗರಿಗೆ ಬರಬೇಡಿ ಅನ್ನುವುದಕ್ಕಿಂತ ಯಾವಾಗ ಬರಬೇಕು ಅಂತ ಹೇಳುವುದು ಮೇಲು ಅಂತ ನನಗೆ ಅನ್ನಿಸುತ್ತದೆ. ತಿಂಗಳಿಗೆ ಒಂದು ಭಾನುವಾರ, ನೀವು ಇದ್ದಾಗ, ಅವರ ಅಪ್ಪನೋ ಕಾಕಾನೋ ಜೊತೆಗಿದ್ದರೆ ಮಾತ್ರ. ಉಳಿದ ದಿನ ಕಂಡರೆ ಹುಡುಗರನ್ನಲ್ಲ, ಅವರ ಅವ್ವಂದಿರನ್ನು ಕರೆಸಿ ಆ ಹಗ್ಗ ಯಾಕೆ ಕಟ್ಟಿದ್ದೀರಿ ಅಂತ ತೋರಿಸಿ.

ಪ್ರಶ್ನೆ: ಗೋಕಾಕದವನು. ಧೂಪದಾಳದ ಹಿನ್ನೀರಿನಲ್ಲಿ ಗಾಳ ಹಾಕಬಹುದಾ?

ಉತ್ತರ: ಬೇಡ. ಅದು ಘಟಪ್ರಭಾ ಪಕ್ಷಿಧಾಮ, ವನ್ಯಜೀವಿ ಕಾಯ್ದೆ ಬರುತ್ತದೆ. ಹಿಡಕಲ್ ಜಲಾಶಯದಲ್ಲಿ ಹಿಡಿಯಬೇಕಾದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ. ಕೃಷ್ಣಾ ಹೊಳೆ ಕಡೆ ಹೋಗುವುದಾದರೆ ನೀರಿಗೆ ಕಾಲು ಇಳಿಬಿಟ್ಟು ಕೂರಬೇಡಿ, ಮೊಸಳೆ ಇವೆ.