ಮಳೆಗಾಳಿಯಲ್ಲಿ ಸ್ಮೋಕರ್: ಶಾಖ ಹತೋಟಿಗೆ ತರುವುದು ಹೇಗೆ?

ಪ್ರಶ್ನೆ: ಇದ್ದಿಲಿನ ಸ್ಮೋಕರ್‌ನಲ್ಲಿ, ಅಂದರೆ ಮುಚ್ಚಿದ ಡಬ್ಬಿಯೊಳಗೆ ಹೊಗೆ, ಸಣ್ಣ ಶಾಖದಲ್ಲಿ ನಿಧಾನವಾಗಿ ಬೇಯಿಸುವ ಒಲೆಯಲ್ಲಿ, 2 ಕೆ.ಜಿ. ಹಂದಿಯ ಭುಜದ ಮಾಂಸ ಇಟ್ಟಿದ್ದೆ. ನಡುವೆ ಮಳೆಗಾಳಿ ಶುರುವಾಗಿ ಶಾಖ ಒಮ್ಮೆ 90 ಡಿಗ್ರಿಗೆ ಇಳಿಯಿತು, ಇನ್ನೊಮ್ಮೆ 150ಕ್ಕೆ ಏರಿತು. ನೀರು ಬೀಳದಿರಲೆಂದು ಮೇಲಿನ ಕಿಂಡಿ ಮುಚ್ಚಿದೆ. ಮಾಂಸ ಕಹಿಯಾಯಿತು. ಏಕೆ?

ಉತ್ತರ: ಆ ಕಿಂಡಿ ಮುಚ್ಚಿದ್ದರಿಂದಲೇ. ಹೊಗೆಗೆ ದಾರಿಯಿಲ್ಲದಿದ್ದರೆ ಒಳಗೆ ಹೊಸ ಗಾಳಿಯೂ ಬರುವುದಿಲ್ಲ. ಹೊಗೆಗೆಂದು ಹಾಕಿದ ಕಟ್ಟಿಗೆ ಅರೆಬರೆ ಉರಿದು, ದಟ್ಟ ಬಿಳಿ ಹೊಗೆಯ ಜಿಡ್ಡು ಮಾಂಸಕ್ಕೆ ಅಂಟುತ್ತದೆ. ಮೇಲಿನ ಕಿಂಡಿ ಪೂರ್ತಿ ತೆರೆದೇ ಇರಲಿ, ಹತೋಟಿಯೆಲ್ಲ ಕೆಳಗಿನ ಕಿಂಡಿಯಲ್ಲಿ. ನಾಲ್ಕು ಹನಿ ಒಳಗೆ ಬಿದ್ದರೆ ನಷ್ಟವೇನೂ ಇಲ್ಲ.

ಏರಿಳಿತಕ್ಕೆ ಮಳೆಗಿಂತ ಗಾಳಿಯೇ ಹೆಚ್ಚು ಕಾರಣ. ಕೆಳಗಿನ ಕಿಂಡಿಗೆ ನೇರ ನುಗ್ಗಿದರೆ ತಿದಿ ಒತ್ತಿದಂತೆ ಕೆಂಡ ಧಗಧಗಿಸುತ್ತದೆ. ಪಕ್ಕದಿಂದ ಬೀಸಿದರೆ ತೆಳು ತಗಡು ಬೇಗ ತಣಿಯುತ್ತದೆ. ಮುಚ್ಚಳದ ಮೇಲಿನ ನೀರು ಆವಿಯಾಗುವಾಗಲೂ ಶಾಖ ಹೋಗುತ್ತದೆ. ಹಾಗಾಗಿ ಕೆಳಗಿನ ಕಿಂಡಿ ಗಾಳಿ ಬರುವ ಕಡೆಗೆ ಬೆನ್ನು ಮಾಡಿರುವಂತೆ ಸ್ಮೋಕರ್ ತಿರುಗಿಸಿ, ಗಾಳಿ ಬರುವ ಕಡೆ ಒಂದು ಮೀಟರ್ ದೂರದಲ್ಲಿ ತಗಡು ನಿಲ್ಲಿಸಿ. ಕಿಂಡಿಯನ್ನು ಒಂದು ಸಲಕ್ಕೆ ಅರ್ಧ ಸೆಂ.ಮೀ.ನಷ್ಟೇ ಸರಿಸಿ, 15 ನಿಮಿಷ ಕಾಯಿರಿ. ಗಾಬರಿಯಲ್ಲಿ ಪದೇ ಪದೇ ಸರಿಸಿದರೆ 90–150ರ ಆಟ ನಿಲ್ಲುವುದಿಲ್ಲ. ಗುರಿ 110–120 ಡಿಗ್ರಿ.

ಇದ್ದಿಲು ಒಂದೂವರೆ ಪಟ್ಟು ಇರಲಿ, ಅದೂ ಮುಚ್ಚಿದ ಡಬ್ಬಿಯಲ್ಲಿ. ಸ್ಮೋಕರ್ ಒಳಗಿನ ನೀರಿನ ತಟ್ಟೆಗೆ ಕುದಿವ ನೀರನ್ನೇ ಹಾಕಿ. ಮುಚ್ಚಳ ತೆರೆದಾಗಲೆಲ್ಲ 10–15 ನಿಮಿಷದ ಶಾಖ ಕಳೆದುಕೊಳ್ಳುತ್ತೀರಿ, ಆದ್ದರಿಂದ ತಂತಿ ಥರ್ಮಾಮೀಟರನ್ನು ಜಾಲರಿಯ ಮಟ್ಟದಲ್ಲಿ ಇಟ್ಟು ಹೊರಗಿನಿಂದಲೇ ಓದಿ. ವೆಲ್ಡಿಂಗ್ ಕೆಲಸದಲ್ಲಿ ಬಳಸುವ, ಬೆಂಕಿ ಹಿಡಿಯದ ಹೊದಿಕೆಯನ್ನು ಹಲವರು ಸ್ಮೋಕರ್‌ಗೆ ಹೊದಿಸುತ್ತಾರೆ. ಚಳಿಗೆ ಒಳ್ಳೆಯದು, ನೆನೆದರೆ ಉಪಯೋಗವಿಲ್ಲ.

ಮಾಂಸದ ಒಳಗಿನ ಶಾಖ 4 ಗಂಟೆಯೊಳಗೆ 60 ಡಿಗ್ರಿ ದಾಟಲೇಬೇಕು. ದಾಟುವ ಲಕ್ಷಣ ಕಾಣದಿದ್ದರೆ ಕಾಯದೆ ಒಲೆಗೂಡಿಗೆ, ಅಂದರೆ ಓವನ್‌ಗೆ ಸಾಗಿಸಿ. 70ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತರೆ ಅದು ಕೆಟ್ಟ ಹವೆಯ ತಪ್ಪಲ್ಲ. ಮೇಲ್ಮೈಯ ತೇವ ಆರುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ. ಅಷ್ಟರಲ್ಲಿ ಹೊಗೆಯ ರುಚಿ ಸಾಕಷ್ಟು ಹಿಡಿದಿರುತ್ತದೆ. ಫಾಯಿಲ್‌ನಲ್ಲಿ ಸುತ್ತಿ, 120 ಡಿಗ್ರಿಯ ಓವನ್‌ನಲ್ಲಿ ಒಳಗೆ 93–95 ಆಗುವವರೆಗೆ ಬೇಯಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಕಾರ್ ಶೆಡ್ಡಿನೊಳಗೆ ತಳ್ಳಿ ಬಾಗಿಲು ತೆರೆದಿಟ್ಟರೆ?

ಉತ್ತರ: ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ತೆರೆದ ಬಾಗಿಲೊಂದರಿಂದ ಅದು ಹೊರಹೋಗುವ ಭರವಸೆಯೂ ಇಲ್ಲ. ಟೆಂಟ್‌ಗೂ ಇದೇ ಮಾತು. ನಾಲ್ಕೂ ಕಡೆ ತೆರೆದ, ಎತ್ತರದ, ಬೆಂಕಿ ಹಿಡಿಯದ ಚಾವಣಿಯ ಕೆಳಗೆ, ಗೋಡೆಯಿಂದ ದೂರವಾಗಿ ಇಡಬಹುದು. ವಿದ್ಯುತ್ತಿನ ಸ್ಮೋಕರ್ ಆದರೆ ಮಳೆಗೆ ಒಡ್ಡಲೇಬೇಡಿ.