ಓದುಗರ ಪ್ರಶ್ನೆ: ಫೈಬರ್ ಜಾಲಕ್ಕೆ ಎರಡು ಅಡಾಪ್ಟರ್

ಪ್ರಶ್ನೆ: ನಮ್ಮ ಕಾಲೇಜಿನ ಲಿನಕ್ಸ್ ಸರ್ವರ್‌ಗೆ ಎರಡು ಪೋರ್ಟ್‌ಗಳ 10 ಗಿಗಾಬಿಟ್ ಅಡಾಪ್ಟರ್ ಹಾಕಿ, ಎರಡು ಫೈಬರ್ ಕೇಬಲ್‌ಗಳನ್ನು ಜೋಡಿಸಿದ್ದೆವು. ಆದರೂ ಸ್ವಿಚ್ ಕೆಟ್ಟಾಗ ಸಂಪರ್ಕ ಪೂರ್ತಿ ನಿಂತುಹೋಯಿತು. ತಪ್ಪು ಎಲ್ಲಾಗಿದೆ?
– ಓದುಗರು, ಧಾರವಾಡ

ಉತ್ತರ: ನಿಮ್ಮಲ್ಲಿ ಕೇಬಲ್ ಎರಡಾದರೂ ದಾರಿ ಒಂದೇ ಉಳಿಯಿತು. ಎರಡೂ ಪೋರ್ಟ್‌ಗಳು ಒಂದೇ ಅಡಾಪ್ಟರ್ ಕಾರ್ಡಿನಲ್ಲಿದ್ದು, ಎರಡೂ ಕೇಬಲ್‌ಗಳು ಒಂದೇ ಸ್ವಿಚ್ ಸೇರಿದ್ದರಿಂದ, ಆ ಕಾರ್ಡ್ ಕೆಟ್ಟರೂ ಆ ಸ್ವಿಚ್ ಕೆಟ್ಟರೂ ಸಂಪರ್ಕ ಕಡಿಯುವುದು ಖಚಿತವಾಗಿತ್ತು. ಬೇರೆ ಬೇರೆ ಸ್ಲಾಟ್‌ಗಳಲ್ಲಿ ಎರಡು ಕಾರ್ಡ್‌ಗಳನ್ನು ಕೂರಿಸಿ, ಒಂದೊಂದನ್ನು ಒಂದೊಂದು ಸ್ವಿಚ್‌ಗೆ ಜೋಡಿಸಿ, ಆ ಸ್ವಿಚ್‌ಗಳೆರಡೂ ಒಂದೇ ಜಾಲದಲ್ಲಿದ್ದು ಪ್ರತ್ಯೇಕ ಯುಪಿಎಸ್‌ಗಳಿಂದ ವಿದ್ಯುತ್ ಪಡೆಯುವಂತೆ ನೋಡಿಕೊಳ್ಳಿ. ಕೇಬಲ್‌ಗಳನ್ನು ಒಂದೇ ಕೊಳವೆಯಲ್ಲಿ ಎಳೆಯಬೇಡಿ.

ಇನ್ನು ಲಿನಕ್ಸ್‌ನ ಬಾಂಡಿಂಗ್ ವ್ಯವಸ್ಥೆ ಎರಡೂ ಕಾರ್ಡ್‌ಗಳನ್ನು ಒಂದಾಗಿ ಬೆಸೆದು ಅವಕ್ಕೆ ಒಂದೇ ಐಪಿ ವಿಳಾಸ ಕೊಡುತ್ತದೆ. ನಿಮಗೆ ಆಕ್ಟಿವ್-ಬ್ಯಾಕಪ್ ವಿಧಾನವೇ ಸೂಕ್ತವೆಂದು ನನ್ನ ಅಭಿಪ್ರಾಯ: ಒಂದು ಕಾರ್ಡ್ ದುಡಿಯುತ್ತದೆ, ಅದು ಸೋತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ, ಸ್ವಿಚ್‌ನಲ್ಲಿ ವಿಶೇಷ ಸಿದ್ಧತೆಯೇನೂ ಬೇಕಿಲ್ಲ. ಕೇಬಲ್‌ಗಳನ್ನು ಒಟ್ಟುಗೂಡಿಸಿ ಬಳಸುವ ಎಲ್‌ಎಸಿಪಿ ವಿಧಾನದಲ್ಲಿ ಎರಡೂ ಕಾರ್ಡ್‌ಗಳು ದುಡಿಯುತ್ತವೆ ನಿಜ. ಆದರೆ ಅದಕ್ಕೆ ಎರಡೂ ಸ್ವಿಚ್‌ಗಳು ಒಂದೇ ಸ್ವಿಚ್‌ನಂತೆ ವರ್ತಿಸಬಲ್ಲವಾಗಿರಬೇಕು. ಮೇಲಾಗಿ ಒಂದು ಕಡತದ ವರ್ಗಾವಣೆ ಸಾಮಾನ್ಯವಾಗಿ ಒಂದೇ ಕೇಬಲ್‌ನಲ್ಲಿ ಸಾಗುವುದರಿಂದ ಅದರ ವೇಗ 20 ಗಿಗಾಬಿಟ್ ಆಗುವುದಿಲ್ಲ.

ಬಹಳಷ್ಟು ಮಂದಿ ಎಡವುವುದು ನಿಗಾವಣೆಯಲ್ಲಿ. ಬಾಂಡಿಂಗ್‌ನ ಎಂಐಐಮಾನ್ (miimon) ಎಂಬ ಆಯ್ಕೆಯ ಮೌಲ್ಯವನ್ನು 100 ಎಂದಿಟ್ಟರೆ ಕಾರ್ಡಿನ ಲಿಂಕ್ ಸ್ಥಿತಿಯನ್ನು 100 ಮಿಲಿಸೆಕೆಂಡಿಗೊಮ್ಮೆ ನೋಡಲಾಗುತ್ತದೆ. ಆದರೆ ಅದರ ನೋಟ ಮೊದಲ ಸ್ವಿಚ್‌ವರೆಗೆ ಮಾತ್ರ. ಆ ಸ್ವಿಚ್‌ನ ಆಚೆಗಿನ ಕೊಂಡಿ ಕಡಿದಿದ್ದರೂ ಇತ್ತ ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಅದರ ಬದಲು ಎಆರ್‌ಪಿ ನಿಗಾವಣೆ (ಒಂದು ವಿಳಾಸಕ್ಕೆ ಆಗಾಗ ಪ್ರಶ್ನೆ ಕಳಿಸಿ ಉತ್ತರ ಬರುವುದೇ ಎಂದು ನೋಡುವ ವಿಧಾನ) ಬಳಸಿ, ಗೇಟ್‌ವೇಯ, ಅಂದರೆ ಹೊರಜಾಲಕ್ಕೆ ದಾರಿಯಾಗುವ ಸಾಧನದ, ವಿಳಾಸವನ್ನೇ ಗುರಿಯಾಗಿ ಕೊಡಿ.

ಫೈಬರ್ ಕೇಬಲ್ ಸಿಕ್ಕಿಸುವ ಮಾಡ್ಯೂಲ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ: 850 ನ್ಯಾನೊಮೀಟರ್ ತರಂಗಾಂತರದ ಎಸ್‌ಆರ್ (ಕಡಿಮೆ ದೂರದ) ಮಾಡ್ಯೂಲ್ ಮಲ್ಟಿಮೋಡ್ ಫೈಬರ್‌ಗೆ, 1310ರ ಎಲ್‌ಆರ್ (ಹೆಚ್ಚು ದೂರದ) ಮಾಡ್ಯೂಲ್ ಸಿಂಗಲ್‌ಮೋಡ್‌ಗೆ, ಕೇಬಲ್‌ನ ಎರಡೂ ತುದಿಗಳಲ್ಲಿ ಒಂದೇ ಬಗೆಯದಿರಲಿ. ಈ ಬೆಳಕು ಕಣ್ಣಿಗೆ ಕಾಣದು, ಆದರೂ ತುದಿಯನ್ನು ಇಣುಕಿ ನೋಡಲೇಬೇಡಿ.

ಕೊನೆಗೆ, ರಜೆಯ ದಿನ ಸಂಪರ್ಕವನ್ನು ಪರೀಕ್ಷಿಸುವ ಪಿಂಗ್ ಆದೇಶ ಓಡಿಸಿಟ್ಟು, ಮೊದಲು ಒಂದು ಕೇಬಲ್ ಕಳಚಿ, ಅದನ್ನು ಮರಳಿ ಜೋಡಿಸಿ ಲಿಂಕ್ ಬಂದ ಮೇಲೆ ಇನ್ನೊಂದನ್ನು ಕಳಚಿ, ಅದನ್ನೂ ಜೋಡಿಸಿದ ನಂತರ ಒಂದೊಂದೇ ಸ್ವಿಚ್‌ನ ವಿದ್ಯುತ್ ತೆಗೆದು ಪರೀಕ್ಷಿಸಿ.