ಗೋವಾದಲ್ಲಿ ಗಾಳ ಹಾಕೋಕೆ 38 ಸಾವಿರದ ಸೆಟ್ ಬೇಕಾ?

ನೀವು ಕೇಳಿದ್ದು ಇಷ್ಟು: ಕೆಲಸದ ಮೇಲೆ ಬೆಂಗಳೂರಿನಿಂದ ಪೊರ್ವೊರಿಮ್‌ಗೆ ಬಂದಿದ್ದೀರಿ, ಗಾಳ ಹಾಕುವುದನ್ನು ಕಲಿಯುವ ಆಸೆ ಇದೆ, ಅಂಗಡಿಗೆ ಹೋದರೆ ರಾಡ್ (ಗಾಳದ ಕೋಲು), ರೀಲ್ (ದಾರ ಸುತ್ತುವ ಯಂತ್ರ), ಬ್ರೇಡ್ ಅನ್ನುವ ಹೆಣೆದ ದಾರ, ಲ್ಯೂರ್ ಅನ್ನುವ ಸುಳ್ಳು ಮೀನು ನಾಲ್ಕು, ಎಲ್ಲಾ ಸೇರಿಸಿ 38 ಸಾವಿರದ ಚೀಟಿ ಬರೆದುಕೊಟ್ಟರು, ಇಷ್ಟೆಲ್ಲಾ ನಿಜಕ್ಕೂ ಬೇಕಾ ಅಂತ.

ಬೇಡ. ಐದಾರು ಸಾವಿರದಲ್ಲಿ ಆಗುತ್ತದೆ. ಅದರಲ್ಲೇ ಚೊಣಕ್ (ಬಾರಾಮುಂಡಿ ಅನ್ನುವ ದೊಡ್ಡ ಮೀನು) ಕೂಡ ಹಿಡಿಯಬಹುದು. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಕುಮಟಾ ಕಡೆಯವನು, ಅಘನಾಶಿನಿ ದಂಡೆಯಲ್ಲಿ ಬೆಳೆದವನು. ವಾಸ್ಕೋಗೆ ಬಂದು 19 ವರ್ಷ ಆಯಿತು. ಹಡಗು ರಿಪೇರಿ ಮಾಡುವ ಯಾರ್ಡ್ ಒಂದರಲ್ಲಿ ಫಿಟ್ಟರ್. ಭಾನುವಾರ ಜುವಾರಿ ನದಿಯ ದಂಡೆಯಲ್ಲಿ ಗಾಳ ಹಾಕುತ್ತೇನೆ, ಉಳಿದ ದಿನ ರಾತ್ರಿ ಊಟ ಆದ ಮೇಲೆ ಪರಿಚಯದವರ ರೀಲ್ ಬಿಚ್ಚಿ ಸರಿ ಮಾಡಿಕೊಡುತ್ತೇನೆ. ಹಾಗಾಗಿ ಅಗ್ಗದ್ದು, ದುಬಾರಿಯದು ಎರಡರ ಹೊಟ್ಟೆಯನ್ನೂ ನೋಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದೇ ರಾತ್ರಿ ಎರಡು ರೀಲ್ ಬಂದವು. ಒಂದು 1,800 ರೂಪಾಯಿಯದು, ಇನ್ನೊಂದು 16 ಸಾವಿರದ್ದು. ನ್ಯೂಸ್‌ಪೇಪರ್ ಹಾಸಿ ಎರಡನ್ನೂ ಅಕ್ಕಪಕ್ಕ ಬಿಚ್ಚಿಟ್ಟೆ. ಎರಡೂ ಕೆಟ್ಟಿದ್ದು ಒಂದೇ ಜಾಗದಲ್ಲಿ. ದಾರ ಹಾದುಹೋಗುವ ಕಡೆ ಒಂದು ಚಿಕ್ಕ ಉರುಳೆ ಇರುತ್ತದಲ್ಲ, ಲೈನ್ ರೋಲರ್ ಅಂತಾರೆ, ಅದರೊಳಗಿನ ಬೇರಿಂಗ್ ಬಿಳೀ ಉಪ್ಪು ಕಟ್ಟಿಕೊಂಡು ಗಟ್ಟಿಯಾಗಿ ಕೂತಿತ್ತು. ಉಪ್ಪಿಗೆ ಬೆಲೆ ಚೀಟಿ ಓದೋಕೆ ಬರುವುದಿಲ್ಲ. ಇಬ್ಬರೂ ಸಮುದ್ರದಿಂದ ಬಂದು ಸಿಹಿನೀರಲ್ಲಿ ತೊಳೆಯದೆ ಹಾಗೇ ಮೂಲೆಗೆ ಇಟ್ಟಿದ್ದರು, ಅಷ್ಟೇ.

ದುಬಾರಿ ರೀಲ್ ಮೋಸ ಅಂತ ನಾನು ಹೇಳುತ್ತಿಲ್ಲ. ಆ 16 ಸಾವಿರದ್ದರ ಮುಖ್ಯ ಗೇರ್ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತಿತ್ತು, ಹಲ್ಲು ಒಂದೊಂದೂ ಸಮ, ತಿರುಗಿಸಿದರೆ ಬೆಣ್ಣೆ. ಅಗ್ಗದ್ದರ ಗೇರ್ ಮೆತ್ತನೆಯ ಎರಕದ್ದು, ಎರಡು ವರ್ಷಕ್ಕೇ ಅಂಚು ಸವೆದಿತ್ತು. ಶಿಮಾನೊ ಕಂಪನಿ 1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಶುರುವಾಗಿದ್ದು ಸೈಕಲ್ ಫ್ರೀವೀಲ್ ಮಾಡೋಕೆ, ರೀಲಿಗೆ ಕೈ ಹಾಕಿದ್ದು 1970ರಲ್ಲಿ. ಐವತ್ತು ವರ್ಷ ಹಲ್ಲು ಕೊರೆದವರ ಕೆಲಸ ಚೆನ್ನಾಗಿರದೆ ಇರುತ್ತದಾ? ಆದರೆ ಅಂಥ ಗೇರ್ ಬೇಕಾಗುವುದು ವಾರಕ್ಕೆ ಐದು ದಿನ, ದಿನಕ್ಕೆ ನೂರಾರು ಸಲ ಬೀಸುವವನಿಗೆ. ತಿಂಗಳಿಗೆ ಎರಡು ಭಾನುವಾರ ಹೋಗುವ ನಿಮಗೆ ಅಲ್ಲ. 2,500ರ ಆಸುಪಾಸಿನ, ಸ್ಪೇರ್ ಸಿಗುವಂಥ ಕಂಪನಿಯ 4000 ಸೈಜಿನ ರೀಲ್ ತಗೊಳ್ಳಿ, ಸಾಕು.

ಬಾಕ್ಸ್ ಮೇಲೆ '12+1 ಬೇರಿಂಗ್' ಅಂತ ದೊಡ್ಡದಾಗಿ ಬರೆದಿರುತ್ತದೆ. ಅದಕ್ಕೆ ಮರುಳಾಗಬೇಡಿ. ಸರಿಯಾದ ಜಾಗದಲ್ಲಿ ಮೂರ್ನಾಲ್ಕು ಒಳ್ಳೆ ಬೇರಿಂಗ್ ಇದ್ದರೆ ರೀಲ್ ಚೆನ್ನಾಗಿ ಓಡುತ್ತದೆ, ಕಳಪೆ ಬೇರಿಂಗ್ ಹನ್ನೆರಡು ಹಾಕಿದರೆ ತುಕ್ಕು ಹಿಡಿಯೋಕೆ ಹನ್ನೆರಡು ಜಾಗ ಆಗುತ್ತದೆ. 'ಮ್ಯಾಕ್ಸ್ ಡ್ರ್ಯಾಗ್ 15 ಕೆಜಿ' ಅನ್ನುವುದೂ ಹಾಗೇ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಕಡಿಯದೆ ಬಿಟ್ಟುಕೊಡುವ ಬ್ರೇಕ್. ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಅದನ್ನು ಬಿಗಿ ಮಾಡಬೇಕು. 8 ಕೆಜಿ ದಾರ ಅಂದರೆ ಎರಡು, ಎರಡೂವರೆ ಕೆಜಿ. ದಾರದ ತುದಿಗೆ ಎರಡು ಲೀಟರ್ ನೀರಿನ ಬಾಟಲಿ ಕಟ್ಟಿ ನೋಡಿ, ನಿಧಾನವಾಗಿ ಕೆಳಗಿಳಿಯಬೇಕು. 15 ಕೆಜಿ ಎಲ್ಲಿಂದ ಬಂತು?

ರಾಡ್ ವಿಷಯದಲ್ಲಿ ನನಗೆ ತುಂಬಾ ಸಿಟ್ಟಿದೆ. ಐಎಂ6, ಐಎಂ7, ಐಎಂ8 ಅನ್ನುವುದು ನಿಜಕ್ಕೂ ಹೆಕ್ಸೆಲ್ ಅನ್ನುವ ಒಂದೇ ಕಂಪನಿಯ ಕಾರ್ಬನ್ ನೂಲಿನ ಹೆಸರು. ಈಗ ಯಾರು ಬೇಕಾದರೂ ಯಾವ ರಾಡ್ ಮೇಲೆ ಬೇಕಾದರೂ ಅಚ್ಚು ಹಾಕುತ್ತಾರೆ. '30 ಟನ್ ಕಾರ್ಬನ್' ಅಂತ ಇನ್ನೊಂದು. ಕೇಳಿದವರು 30 ಟನ್ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ಆ ಅಂಕಿ ಹೇಳುವುದು ನೂಲು ಎಷ್ಟು ಬಾಗದೆ ನಿಲ್ಲುತ್ತದೆ ಅಂತ, ಎಷ್ಟು ಗಟ್ಟಿ ಅಂತ ಅಲ್ಲ. ಅಂಕಿ ಜಾಸ್ತಿಯಾದ ಹಾಗೆ ರಾಡ್ ಹಗುರ, ಚುರುಕು. ಅದರ ಜೊತೆಗೆ ಕಲ್ಲಿಗೆ ತಗುಲಿದರೆ, ಕಾರಿನ ಬಾಗಿಲಿಗೆ ಸಿಕ್ಕಿದರೆ ಪಟ್ ಅಂತ ಮುರಿಯುವ ಗುಣವೂ ಬರುತ್ತದೆ. ಹೊಸಬರಿಗೆ ಗ್ಲಾಸ್ ಫೈಬರ್ ಬೆರೆತ ಏಳಡಿ ರಾಡ್ ಒಳ್ಳೆಯದು. ತೂಕ ಸ್ವಲ್ಪ ಜಾಸ್ತಿ, ಆದರೆ ತಪ್ಪು ಮಾಡಿದರೆ ತಡೆದುಕೊಳ್ಳುತ್ತದೆ.

ವಾಸ್ಕೋದ ಬೈನಾದಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ ಇದ್ದಾನೆ, ಹತ್ತೊಂಬತ್ತು ವರ್ಷ, ಗದಗ ಕಡೆಯಿಂದ ಬಂದ ಮನೆಯವರು. ಖಾಲಿ ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು, ಅದನ್ನೇ ಬೀಸಿ, ಬಂಡೆ ಸಂದಿಯ ಗೋಬ್ರೊ, ತಾಮ್ಸೊ ಮೀನು ಹಿಡಿಯುತ್ತಿದ್ದ. ಬೆರಳ ತುದಿಯಲ್ಲಿ ದಾರ ಹಿಡಿದು ಮೀನು ಮುಟ್ಟಿದ್ದೋ ಏಡಿ ಮುಟ್ಟಿದ್ದೋ ಹೇಳುವವನು. ಒಂದು ದಿನ ಜೆಟ್ಟಿಗೆ ಐದಾರು ಜನ ದೊಡ್ಡ ಸೆಟ್ ಹಿಡಿದು, ಒಂದೇ ಥರದ ಟೀ ಶರ್ಟ್ ಹಾಕಿಕೊಂಡು ಬಂದರು. ಬಾಟಲಿ ನೋಡಿ ಏನೋ ಅಂದು ನಕ್ಕರು. ಮುಂದಿನ ತಿಂಗಳು ಇವನು 24 ಸಾವಿರದ ಸೆಟ್ ಕಂತಿನ ಮೇಲೆ ತಂದ, ಫೋನ್ ತಗೊಂಡ ಹಾಗೆ. ಎರಡನೇ ವಾರ ರಾಡ್ ತುದಿ ಆಟೋ ಬಾಗಿಲಲ್ಲಿ ಸಿಕ್ಕಿ ಮುರಿಯಿತು. ಅಂಗಡಿಗೆ ತಗೊಂಡು ಹೋದರೆ ಅದು ಗ್ಯಾರಂಟಿಯಲ್ಲಿ ಬರಲ್ಲ ಅಂದರು. ಕಂತು ಇನ್ನೂ ಏಳು ತಿಂಗಳು ಬಾಕಿ ಇತ್ತು. 'ಅಣ್ಣಾ, ಬಾಟಲಿ ಹಿಡ್ಕೊಂಡು ಹೋಗೋಕೆ ಈಗ ನಾಚಿಕೆ ಆಗ್ತದೆ' ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಸಾಮಾನು ಮಾರಲಿ, ಬೇಡ ಅನ್ನಲ್ಲ. ಕೈಯಲ್ಲಿ ವಿದ್ಯೆ ಇದ್ದವನಿಗೆ ನಾಚಿಕೆ ಹುಟ್ಟಿಸಿ ಮಾರುವುದು ತಪ್ಪು.

ವಿಡಿಯೋಗಳೂ ಅದನ್ನೇ ಮಾಡುತ್ತವೆ. ಚೆನ್ನಾಗಿ ಕಲಿಸುವವರೂ ಇದ್ದಾರೆ, ಆದರೆ ಕಂಪನಿ ಕೊಟ್ಟ ರಾಡ್ ಹಿಡಿದು, ಮೀನು ಸಿಕ್ಕಿದ ಕೂಡಲೇ ಲಿಂಕ್ ಕೆಳಗಿದೆ ಅನ್ನುವವರೂ ಇದ್ದಾರೆ. ಇಳಿತ ಎಷ್ಟು ಹೊತ್ತಿಗೆ ಶುರುವಾಯಿತು, ನೀರು ಯಾವ ಕಡೆ ಹರಿಯುತ್ತಿತ್ತು ಅನ್ನುವ ನಿಜವಾದ ಗುಟ್ಟು ಅವರ ಬಾಯಲ್ಲಿ ಬರುವುದೇ ಇಲ್ಲ, ಅದನ್ನು ಮಾರೋಕೆ ಆಗುವುದಿಲ್ಲವಲ್ಲ.

ಲ್ಯೂರ್ ಅಂದರೆ ಮರದ್ದೋ ಪ್ಲಾಸ್ಟಿಕ್‌ದೋ ಸುಳ್ಳು ಮೀನು. 1936ರಲ್ಲಿ ಫಿನ್ಲೆಂಡಿನ ಲೌರಿ ರಪಾಲ ಅನ್ನುವ ಬಡ ಮೀನುಗಾರ ಬೆಂಡು ಕೆತ್ತಿ, ಚಾಕೊಲೇಟ್ ಸುತ್ತಿದ ಹೊಳೆಯುವ ಕಾಗದ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದು ತನ್ನ ಮೊದಲ ಲ್ಯೂರ್ ಮಾಡಿದ. ಮನೆ ನಡೆಸೋಕೆ ಮಾಡಿದ ಸಾಮಾನು ಅದು. ಈಗ ಆ ಹೆಸರಿನ ಒಂದು ಲ್ಯೂರ್‌ಗೆ ನಾನು 700 ರೂಪಾಯಿಗಿಂತ ಮೇಲೆ ಕೊಟ್ಟಿದ್ದೇನೆ, ಮೂರನೇ ಬೀಸಿಗೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಸಿಕ್ಕಿ ಹೋಗಿದೆ. ನೀವು ಮೊದಲ ಆರು ತಿಂಗಳು ಲ್ಯೂರ್ ಮುಟ್ಟಬೇಡಿ. ಜೀವಂತ ಶೆಟ್ಲಿ (ಸಿಗಡಿ) ಸಿಕ್ಕಿದರೆ ಅದಕ್ಕಿಂತ ಒಳ್ಳೆ ಆಹಾರ ಚೊಣಕ್‌ಗೆ ಇಲ್ಲ.

ದುಡ್ಡು ಎಲ್ಲಿ ಉಳಿಸಬಾರದು ಅಂದರೆ ಗಾಳ, ಸ್ವಿವೆಲ್ (ದಾರ ತಿರುಚಿಕೊಳ್ಳದ ಹಾಗೆ ತಿರುಗುವ ಕೊಂಡಿ), ಗಾಳದ ಹತ್ತಿರ ಕಟ್ಟುವ ಲೀಡರ್ ದಾರ. ಮೀನಿಗೆ ತಾಗುವುದು ಇವು ಮಾತ್ರ ಅಲ್ವಾ? ಗಾಳ ಮುಸ್ತಾದ್‌ನಂಥ ಹಳೇ ಕಂಪನಿಯದು ತಗೊಳ್ಳಿ, ಉಗುರಿನ ಮೇಲೆ ಎಳೆದರೆ ಜಾರದೆ ಕಚ್ಚಬೇಕು. ಚೊಣಕ್‌ನ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಇರುತ್ತದೆ, ಬಾಯಿ ಒರಟು, ತೆಳ್ಳನೆ ಬ್ರೇಡ್ ಅಲ್ಲಿ ಉಜ್ಜಿದರೆ ಮುಗಿಯಿತು. ಅದಕ್ಕೇ ತುದಿಗೆ ಒಂದು ಮೀಟರ್ ಉದ್ದದ ದಪ್ಪ ಲೀಡರ್ ಕಟ್ಟಬೇಕು. ಇಲ್ಲಿ ಅಂಗಡಿಯವರು 'ಫ್ಲೋರೋಕಾರ್ಬನ್ ದಾರ ತಗೊಳ್ಳಿ, ನೀರಲ್ಲಿ ಕಾಣುವುದಿಲ್ಲ' ಅಂತ ಮೂರು ಪಟ್ಟು ಬೆಲೆ ಹೇಳುತ್ತಾರೆ. ನೈಲಾನಿಗಿಂತ ಅದು ಕಮ್ಮಿ ಕಾಣುವುದು ನಿಜ. ಆದರೆ ಮಳೆಗಾಲದ ಜುವಾರಿ ಚಹಾದ ಬಣ್ಣಕ್ಕಿರುತ್ತದೆ, ಅದರಲ್ಲಿ ಏನು ಕಾಣುತ್ತದೆ? 40 ಪೌಂಡ್ ತಾಕತ್ತಿನ ಸಾದಾ ನೈಲಾನ್ ಕಟ್ಟಿ, ಪ್ರತಿ ಮೀನಿನ ನಂತರ ಬೆರಳಲ್ಲಿ ಸವರಿ ನೋಡಿ, ಒರಟಾಗಿದ್ದರೆ ಆ ತುಂಡು ಕತ್ತರಿಸಿ ಬಿಸಾಕಿ.

ಪೊರ್ವೊರಿಮ್‌ನಿಂದ ಮಾಂಡೋವಿ ದಂಡೆ ಹತ್ತಿರ. ಅಲ್ಲಿ ಸಂಜೆ ಹೊತ್ತು ಗಾಳ ಹಾಕುವ ಹಿರಿಯರು ಕೂತಿರುತ್ತಾರೆ. ಕೊಂಕಣಿಯಲ್ಲಿ ಗಾಳಕ್ಕೆ ಗರಿ ಅನ್ನುತ್ತಾರೆ, ಆ ಒಂದು ಮಾತು ಗೊತ್ತಿದ್ದರೂ ಸಾಕು, ಜಾಗ ಬಿಟ್ಟು ಕೂರಿಸಿಕೊಳ್ಳುತ್ತಾರೆ. ಖಾಜನ್ ಗದ್ದೆಯ (ನದಿ ದಂಡೆಯಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆ) ತೂಬಿನ ಬಾಗಿಲ ಹತ್ತಿರ ಮಾತ್ರ ಕೇಳದೆ ಹಾಕಬೇಡಿ, ಅಲ್ಲಿನ ಮೀನಿನ ಹಕ್ಕು ಹರಾಜಾಗಿರುತ್ತದೆ. ಅಂಗಡಿಯ ಚೀಟಿ ಇನ್ನೂ ಇದ್ದರೆ ಅದರಲ್ಲಿರುವ ಮಾಡೆಲ್ ಹೆಸರುಗಳನ್ನು ಇಲ್ಲೇ ಕೆಳಗೆ ಹಾಕಿ, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.